‘ನಿಮ್ಮ ಮನೆ’ ಎನ್ನುತ್ತಿದ್ದ ಮಾಮಿ

ಮದುವೆ ಮನೆಗಳಲ್ಲಿ ಪುತ್ತೂರು ಕಡೆಯ ಹಿರಿಯರು ಯಾರಾದರೂ ನನ್ನ ಮುಖ ನೋಡಿ, ‘ನೀನು ಇಂಥ ಮನೆಯವಳಲ್ವಾ?’ ಎಂದು ಗುರುತು ಹಿಡಿದರೆ ಹೌದೆನ್ನುತ್ತೇನೆ. ಮನೆ ದೊಡ್ಡದು, ಹೆಸರೂ ದೊಡ್ಡದು, ಅಲ್ಲವೆನ್ನಲಾಗುವುದಿಲ್ಲ. ಆದರೆ ಹೌದೆಂದ ಕೂಡಲೇ ಊಟದ ಸಂಗತಿಯನ್ನೋ ಬಸ್ಸಿನ ಸಂಗತಿಯನ್ನೋ ಎತ್ತಿಬಿಡುತ್ತೇನೆ. ಅವರು ಮುಂದೆ ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ‘ನಿನ್ನ ಮಾವನ ಹೆಂಡತಿ ಒಬ್ಬಳಿದ್ದಳಲ್ಲ, ಕಡಬದ ಕಡೆಯವಳು, ಅವಳು ಕಡೆಗೆ ಎಂತಾದಳು?’

ಅವರು ಎಂತಾದರು ಎಂಬುದನ್ನು ಒಮ್ಮೆ ಸಮಾಧಾನದಿಂದ ಹೇಳಿಬಿಡಬೇಕು ಅನ್ನಿಸಿ ಬರೆಯಲು ಕುಳಿತಿದ್ದೇನೆ. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಹೇಳುವಷ್ಟು ದೊಡ್ಡವಳು ನಾನಲ್ಲ. ನನಗೆ ಅವರು ಮಾಮಿ, ಅಷ್ಟೆ.

ಆಗ ನಮ್ಮದು ಅಳಿಯಕಟ್ಟಿನ ಮನೆ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಳಿಯಕಟ್ಟಿನಲ್ಲಿ ಆಸ್ತಿ ತಂದೆಯಿಂದ ಮಕ್ಕಳಿಗೆ ಹೋಗುವುದಿಲ್ಲ. ಮಾವನಿಂದ ಅಳಿಯನಿಗೆ, ಸರಿಯಾಗಿ ಹೇಳುವುದಾದರೆ ತಾಯಿಯಿಂದ ಮಗಳಿಗೆ. ಯಜಮಾನಿಕೆ ಗಂಡಸಿನದು, ಆದರೆ ಮನೆ ಅವನ ಅಕ್ಕತಂಗಿಯರದು, ಅವರ ಮಕ್ಕಳದು. ಅವನ ಹೆಂಡತಿ ಮಕ್ಕಳು ಅವನಿರುವಷ್ಟು ಕಾಲ ಅಲ್ಲಿ ಇರುವವರು. ಅವನು ಹೋದ ಮೇಲೆ ಬೊಜ್ಜ ಮುಗಿಸಿ, ಎಂದರೆ ಉತ್ತರಕ್ರಿಯೆ ಮುಗಿಸಿ, ಅವರು ತಮ್ಮ ತಾಯಿಮನೆಗೆ ಹೋಗಬೇಕು. ಇದನ್ನು ಹೆಣ್ಣಿಗೆ ಮರ್ಯಾದೆ ಕೊಟ್ಟ ಪದ್ಧತಿ ಎಂದು ಹೊಗಳುವವರುಂಟು. ಸುಳ್ಳಲ್ಲ. ಮನೆಯ ಹೆಣ್ಣಿಗೆ ಮರ್ಯಾದೆ ಇತ್ತು. ಮನೆಗೆ ಬಂದ ಹೆಣ್ಣಿಗೆ ಎಷ್ಟಿತ್ತು ಎಂಬುದು ಬೇರೆ ಪ್ರಶ್ನೆ.

ನನ್ನ ತಂದೆಯ ಮನೆ ಸುಳ್ಯ ಸೀಮೆಯಲ್ಲಿ, ಜಾಲ್ಸೂರಿನಿಂದ ಒಳಗೆ. ಅಲ್ಲಿ ಐದನೆಯ ತರಗತಿಯಿಂದ ಮುಂದಕ್ಕೆ ಶಾಲೆಯಿರಲಿಲ್ಲ. ಹಾಗಾಗಿ ನನ್ನನ್ನು ಪುತ್ತೂರಿನ ಹತ್ತಿರ ಮಾವನ ಮನೆಯಲ್ಲಿ ಬಿಟ್ಟರು. ಮಾವ ಎಂದರೆ ಅಮ್ಮನ ತಮ್ಮ. ಅವರಿಗೆ ಒಬ್ಬಳೇ ಮಗಳು, ಲೀಲ, ನನ್ನ ಪ್ರಾಯದವಳು. ನನ್ನನ್ನು ಬಿಟ್ಟುಹೋದ ದಿನ ನಾನು ಜಗಲಿಯಲ್ಲಿ ಕುಳಿತು ಅಳುತ್ತಿದ್ದಾಗ ಮಾಮಿ ಬಂದು ಪಕ್ಕದಲ್ಲಿ ಕುಳಿತರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. “ನಿಮ್ಮ ಮನೆಯಲ್ಲಿ ಕೂತು ನೀನು ಅಳುದು ಯಾಕೆ? ಬಂದವಳು ನಾನು. ಅಳುದಾದರೆ ನಾನು ಅಳಬೇಕು” ಎಂದರು. ಹೇಳಿ ನಕ್ಕರು. ನಗುವಾಗ ಎಲ್ಲರೂ ಬಾಯಿ ಮುಚ್ಚಿಕೊಂಡರೆ ಮಾಮಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅಂಗೈಯಿಂದ, ಯಾರೋ ಬೆಳಕು ಹಿಡಿದಂತೆ.

ತಮಾಷೆಗೆ ಹೇಳಿದ್ದು ಎಂದುಕೊಂಡೆ. ಆಮೇಲೆ ನೋಡಿದರೆ ಅವರು ಯಾವಾಗಲೂ ಹಾಗೆಯೇ ಹೇಳುವುದು. ನಿಮ್ಮ ಮನೆಯ ಬಾವಿ, ನಿಮ್ಮ ಮನೆಯ ಹಲಸು, ನಿಮ್ಮ ಗದ್ದೆ. ಹತ್ತು ವರ್ಷದ ನನ್ನೊಡನೆ ಹಾಗೆ ಹೇಳುತ್ತಿದ್ದ ಹೆಂಗಸು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಉಂಡ ಮೇಲೆ ಉಂಡು, ನಾಟಿಗೆ ಬಂದ ಹೆಣ್ಣಾಳುಗಳ ಬಾಯಾರಿಕೆಯಿಂದ ಹಿಡಿದು ಭೂತದ ಕೋಲದ ಊಟದವರೆಗೆ ಆ ಮನೆಯನ್ನು ಹೊತ್ತವರು. ಗಿಡ್ಡ ಆಳು, ಅಗಲ ಪಾದ, ಯಾರೋ ಕರೆಯುತ್ತಿದ್ದಾರೆ ಎಂಬಂಥ ನಡಿಗೆ. ಬೇಸಗೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಮುಳ್ಳುಸೌತೆ, ಅಳಸಂಡೆ, ಹರಿವೆ, ಚೀನಿಕಾಯಿ ಎಲ್ಲ ಅವರೇ ಮಾಡುತ್ತಿದ್ದರು. ಮರ ಮಾತ್ರ ಒಂದೂ ನೆಟ್ಟವರಲ್ಲ. ಒಮ್ಮೆ ಅಂಗಳದ ಮೂಲೆಯಲ್ಲಿ ಮಾವಿನ ಗೊರಟು ಮೊಳೆತದ್ದನ್ನು ನಾನು ಮತ್ತು ಲೀಲ ತೋರಿಸಿ, ಎಲ್ಲಿ ನೆಡುವುದು ಎಂದು ಕೇಳಿದೆವು. ‘ನಿಮ್ಮ ಮನೆ, ನೀನೇ ನೆಡು’ ಎಂದು ನನಗೆ ಹೇಳಿದರು. ಲೀಲನಿಗೆ ಏನೂ ಹೇಳಲಿಲ್ಲ. ಅದೇ ವರ್ಷ ಕೈಗೆ ಬರುವುದನ್ನು ಮಾತ್ರ ಅವರು ಬಿತ್ತುತ್ತಿದ್ದರು ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಅವರ ಮಾತುಗಳು ಕೆಲವು ಈಗಲೂ ನನ್ನ ಬಾಯಲ್ಲಿ ಬರುತ್ತವೆ. ‘ಕೇಳಿದವರಿಗೆ ಕೊಡು, ಕೇಳದವರಿಗೆ ಮೊದಲು ಕೊಡು’ ಎಂಬುದೊಂದು. ಇನ್ನೊಂದು ಗದ್ದೆಯ ಬದುವಿನ ಮೇಲೆ ನಡೆಯುವಾಗ ಹೇಳಿದ್ದು. ಬದುವಿಗೆ ನಾವು ಪುಣಿ ಎನ್ನುತ್ತೇವೆ. ‘ಪುಣಿಗೆ ದಾರಿ ಅಂತ ಯಾರೂ ಹೇಳುದಿಲ್ಲ, ನಡೆಯುದು ಮಾತ್ರ ಎಲ್ಲರೂ ಅದರ ಮೇಲೆ.’ ಯಾವ ದುಃಖವೂ ಇಲ್ಲದೆ ಹೇಳಿದ್ದರು. ಹೇಳಿ, ಕುಸಿದಿದ್ದ ಒಂದು ಕಡೆಗೆ ಕಾಲಿನಿಂದ ಮಣ್ಣು ಒತ್ತಿ ಮುಂದೆ ಹೋದರು.

ಮಾವ ಸಾಧು ಮನುಷ್ಯ. ಅವರಿಗೆ ಇದ್ದದ್ದು ಒಂದೇ ಹುಚ್ಚು, ಪುತ್ತೂರಿನ ಕೋರ್ಟು. ಸ್ವಂತ ದಾವೆ ಒಂದೂ ಇಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಊರವರ ದಾವೆ ಕೇಳುತ್ತ ಕುಳಿತುಕೊಳ್ಳುವುದು. ಯಾವ ವಕೀಲರು ಹೇಗೆ ಪಾಟೀಸವಾಲು ಮಾಡಿದರು, ಯಾವ ಸಾಕ್ಷಿ ಎಲ್ಲಿ ತಡವರಿಸಿದ ಎಂದು ಸಂಜೆ ಬಂದು ವರ್ಣಿಸುತ್ತಿದ್ದರು. ಅದನ್ನು ಹೆಂಡತಿಗೆ ನೇರವಾಗಿ ಹೇಳುತ್ತಿರಲಿಲ್ಲ. ಆ ಕಾಲದಲ್ಲಿ ಗಂಡಹೆಂಡಿರು ನಾಲ್ಕು ಜನರೆದುರು ಮಾತಾಡಿಕೊಳ್ಳುವುದು ಕಡಿಮೆ. ಮಾವ ನಮಗೆ ಹೇಳುವುದು, ಮಾಮಿ ಬಾಗಿಲ ಆಚೆ ನಿಂತು ಕೇಳುವುದು. ಮಾಮಿಗೆ ಮಾವನೊಡನೆ ಏನಾದರೂ ಹೇಳಬೇಕಾದರೆ ಅವರು ಹಟ್ಟಿಯ ದನಕ್ಕೆ ಹೇಳುತ್ತಿದ್ದರು. ‘ಕೇಳಿತಾ, ನಾಳೆ ಬೇಗ ಊಟ ಆಗಬೇಕಂತೆ ಕೆಲವರಿಗೆ. ಹೇಳಿದರೆ ತಾನೆ ಗೊತ್ತಾಗುದು?’

ಮಾಮಿಗೆ ನಶ್ಯದ ಅಭ್ಯಾಸವಿತ್ತು. ಹೆಂಗಸರು ನಶ್ಯ ಸೇದುವುದು ಯಾರಿಗೂ ಗೊತ್ತಾಗಬಾರದು. ಹಾಗಾಗಿ ಎಲ್ಲರಿಗೂ ಗೊತ್ತಿತ್ತು. ಮಾವ ಕೋರ್ಟಿನಿಂದ ಬರುವಾಗ ತಗಡಿನ ಪುಟ್ಟ ಡಬ್ಬಿಯೊಂದನ್ನು ತಂದು, ಮಾತಿಲ್ಲದೆ ಅಡಿಗೆಮನೆಯ ಕಿಟಕಿಯ ಮೇಲೆ ಇಟ್ಟು ಹೋಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಹಿತ್ತಿಲಿನಿಂದ ಮಾಮಿಯ ಸೀನು ಕೇಳುತ್ತಿತ್ತು. ಆಗ ಮಾವನ ಮುಖದಲ್ಲಿ ಒಂದು ನಗು ಬರುತ್ತಿತ್ತು. ಅವರ ಸಂಸಾರದ ಪ್ರೀತಿಯನ್ನು ಕಂಡದ್ದು ನಾನು ಆ ನಗುವಿನಲ್ಲಿ.

ಅಷ್ಟೆಲ್ಲ ಭಾಗದ ದಾವೆ ಕೇಳಿದ ಮಾವ ತನ್ನ ಹೆಂಡತಿಗೆ ಒಂದು ಅಂಗೈಯಷ್ಟು ನೆಲ ಮಾಡಿ ಕೊಡಲಿಲ್ಲ. ಅವರ ಸ್ನೇಹಿತರಾದ ವಕೀಲರೊಬ್ಬರು ಜಗಲಿಯಲ್ಲಿ ಕುಳಿತು, ಬೇರೆ ಕಡೆ ಒಂದು ತುಂಡು ಜಾಗ ಮಾಮಿಯ ಹೆಸರಿಗೆ ತೆಗೆದುಬಿಡಿ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ‘ಮಾಡುವ, ಅವಸರ ಎಂತ?’ ಎಂದರು ಮಾವ. ಅವರ ಮನಸ್ಸಿನಲ್ಲಿ ಬೇರೆ ಏರ್ಪಾಡಿತ್ತು. ನನ್ನ ಅಣ್ಣ ಆಗ ಮಂಗಳೂರಿನಲ್ಲಿ ಓದುತ್ತಿದ್ದ. ಅಳಿಯಕಟ್ಟಿನ ಪ್ರಕಾರ ಮುಂದಿನ ಯಜಮಾನ ಅವನೇ. ಅವನಿಗೆ ಲೀಲನನ್ನು ಕೊಟ್ಟುಬಿಟ್ಟರೆ ಮುಗಿಯಿತು. ಒಂದು ದಿನ ಊಟಕ್ಕೆ ಕುಳಿತಾಗ ಅಣ್ಣನ ಎದುರಿಗೇ ಮಾವ ಹೇಳಿದರು, “ಇವಳನ್ನು ಅವನಿಗೇ ಕೊಡುದು. ಮತ್ತೆ ಈ ಮನೆಯಿಂದ ಯಾರು ಹೋಗುದು, ಯಾರು ಬರುದು?” ಅಣ್ಣ ತಲೆ ತಗ್ಗಿಸಿ ಅನ್ನ ಕಲಸಿದ. ಲೀಲ ಎದ್ದು ಒಳಗೆ ಓಡಿದಳು. ಮಾಮಿ ಹಿತ್ತಿಲಿಗೆ ಹೋಗಿ, ಹಾಡುಹಗಲಿನಲ್ಲಿ, ಕೆಲಸದವರ ಎದುರು, ನಿಂತುಕೊಂಡು ನಶ್ಯ ಸೇದಿದರು.

ಆಮೇಲೆ ಅಣ್ಣ ರಜೆಯಲ್ಲಿ ಬಂದಾಗಲೆಲ್ಲ ಮಾಮಿ ಅಕ್ಕಿಯ ಉಂಡೆ ಬೇಯಿಸಿ ಪುಂಡಿ ಮಾಡುವುದೇನು, ಕೋಳಿ ಕೊಯ್ಯಿಸುವುದೇನು. ಅವನ ಎಲೆಯ ಮುಂದೆ ಅವರು ನಿಲ್ಲುತ್ತಿದ್ದ ರೀತಿಯಲ್ಲಿ ಒಂದು ನೆಮ್ಮದಿಯಿತ್ತು. ‘ನಿಮ್ಮ ಮನೆ’ ಎನ್ನುವುದನ್ನು ಆ ಒಂದೆರಡು ವರ್ಷ ಅವರು ಸ್ವಲ್ಪ ಮರೆತಿದ್ದರು.

ಅಷ್ಟರಲ್ಲಿ ನನ್ನ ತಂದೆ ತೀರಿಕೊಂಡರು. ತಂದೆಯ ಮನೆಯೂ ಅಳಿಯಕಟ್ಟಿನದೇ. ಬೊಜ್ಜದ ಮರುದಿನ ಅಲ್ಲಿಂದ ಅಮ್ಮ ಒಂದು ಪೆಟ್ಟಿಗೆ ಹಿಡಿದುಕೊಂಡು ಇಳಿದು, ಬಸ್ಸು ಹತ್ತಿ, ತಾವು ಹುಟ್ಟಿದ ಮನೆಗೆ ಬಂದರು. ಅಂಗಳದ ಬಾಗಿಲಾದ ದಣಪೆಯ ಹತ್ತಿರ ಮಾಮಿ ಕಾಲಿಗೆ ನೀರು ಹಿಡಿದು ನಿಂತಿದ್ದರು. ಅಮ್ಮ ಒಳಗೆ ಬಂದು ಕುಳಿತುಕೊಳ್ಳುವ ಮೊದಲೇ ಮಾಮಿ ತಮ್ಮ ಸೊಂಟದ ಬೀಗದಕೈ ಗೊಂಚಲು ಬಿಚ್ಚಿ ಅಮ್ಮನ ಮುಂದಿಟ್ಟರು. ‘ಇರಲಿ, ನೀನೇ ಇಟ್ಟುಕೋ’ ಎಂದರು ಅಮ್ಮ. ಆಗ ಅಮ್ಮನಿಗೆ ಅಳು ಬಂತು. ಮಾಮಿ ಅವರ ಬೆನ್ನು ಸವರಿದರು. ಒಳಕೋಣೆ ಬಿಟ್ಟುಕೊಟ್ಟು ತಾವು ಲೀಲನೊಡನೆ ಅಡಿಗೆಮನೆಯ ಪಕ್ಕದಲ್ಲಿ ಮಲಗತೊಡಗಿದರು. ಗಂಡನ ಮನೆಯಿಂದ ಇಳಿದು ಬಂದವಳ ಸಂಕಟ ಏನೆಂದು ಅಮ್ಮನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮರುವರ್ಷ ಮಾವ ಹೋದರು. ಕೋರ್ಟಿನ ಹೊರಗೆ ಬೆಂಚಿನಲ್ಲಿ ಕುಳಿತವರು ಹಾಗೆಯೇ ಒರಗಿದರಂತೆ. ಬಾಡಿಗೆ ಕಾರಿನಲ್ಲಿ ತಂದು ಚಾವಡಿಯಲ್ಲಿ ಮಲಗಿಸಿದರು. ಮಾಮಿ ಬಂದು ನೋಡಿದರು. ಇಸ್ತ್ರಿ ಅಂಗಿಯ ಒಂದು ಗುಂಡಿ ಬಿಚ್ಚಿಹೋಗಿತ್ತು. ಅದನ್ನು ಹಾಕಿ, ಅಂಗಿಯನ್ನು ಎಳೆದು ಸರಿಮಾಡಿ, ಆಮೇಲೆ ಅಳತೊಡಗಿದರು. ಅದಕ್ಕೆ ಮೊದಲು ಅವರು ಗಂಡನನ್ನು ನಾಲ್ಕು ಜನರೆದುರು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ಬೊಜ್ಜದ ದಿನ ಮಾಮಿಯ ತಮ್ಮ ಕಡಬದಿಂದ ಬಂದಿದ್ದ. ಅಕ್ಕನನ್ನು ಕರೆದುಕೊಂಡು ಹೋಗುವುದು ಅವನ ಪಾಲಿನ ಕೆಲಸ. ಊಟವಾದ ಮೇಲೆ ಹಿರಿಯರು ಚಾವಡಿಯಲ್ಲಿ ಎಲೆಯಡಿಕೆ ಹಾಕುತ್ತ ಕುಳಿತಿದ್ದಾಗ ಒಬ್ಬ ಅಜ್ಜ, ಮಕ್ಕಳ ಸಂಬಂಧ ಮಾತಾಡಿದ್ದು ಉಂಟಲ್ಲ, ಹಾಗಿರುವಾಗ ಇವರು ಹೋಗುವುದು ಯಾಕೆ, ವರ್ಷ ಕಳೆದ ಮೇಲೆ ಮದುವೆ ಮಾಡಿಬಿಡಿ ಎಂದ. ಒಳ್ಳೆಯ ಮನುಷ್ಯ. ಎಲ್ಲರೂ ಅಮ್ಮನ ಕಡೆ ನೋಡಿದರು. ನಾನೂ ಲೀಲನೂ ಬಾಗಿಲ ಹಿಂದೆ ಇದ್ದೆವು. ಅವಳ ಕೈ ನನ್ನ ಕೈಯಲ್ಲಿತ್ತು.

“ಆ ಮಾತು ಆಡಿದ್ದು ತಮ್ಮ” ಎಂದರು ಅಮ್ಮ. “ತಮ್ಮನೇ ಹೋದ ಮೇಲೆ ಯಾರ ಹತ್ತಿರ ಕೇಳುದು?”

ಅಣ್ಣ ಜಗಲಿಯ ಮೆಟ್ಟಿಲಲ್ಲಿ ನಿಂತಿದ್ದ. ಅವನು ಅಂಗಳದ ಕಡೆ ನೋಡುತ್ತಿದ್ದ. ಅವನಿಗೆ ಮಂಗಳೂರಿನಲ್ಲಿ ಒಂದು ದೊಡ್ಡ ಮನೆಯ ಸಂಬಂಧ ನಿಶ್ಚಯವಾಗಿದೆ ಎಂದು ನಮಗೆ ತಿಳಿದದ್ದು ಆಮೇಲೆ. ಲೀಲ ತನ್ನ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡಳು.

ಅಮ್ಮ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ತಮ್ಮನಿಗಾಗಿ ಅವರು ಅತ್ತದ್ದು ನಿಜವಾದ ಅಳು. ಆದರೆ ತನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಎಲ್ಲರಿಗೂ ಅನ್ನಿಸುವುದಿಲ್ಲ. ನನಗೆ ಆಯಿತು, ನಾನು ಸಹಿಸಿದೆ, ಅವಳೂ ಸಹಿಸಲಿ ಎಂದು ಅನ್ನಿಸುವುದೇ ಹೆಚ್ಚು. ಮೇಲಾಗಿ ಒಮ್ಮೆ ಇಳಿದು ಬಂದವಳಿಗೆ ಇದ್ದ ಮನೆಯೂ ಕೈಬಿಟ್ಟೀತು ಎಂಬ ಭಯ. ಸೊಸೆಯಾಗಿ ಲೀಲ ಬಂದರೆ ಬೀಗದಕೈ ಮಾಮಿಯ ಸೊಂಟದಲ್ಲೇ ಉಳಿಯುತ್ತದೆ ಎಂಬ ಲೆಕ್ಕವೂ ಇತ್ತೇನೋ.

ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಮಾಮಿ ತಮ್ಮ ಪೆಟ್ಟಿಗೆಯನ್ನು ಚಾವಡಿಗೆ ತಂದರು. ಯಾರೂ ಹೇಳಿರಲಿಲ್ಲ. ತಾವೇ ಮುಚ್ಚಳ ತೆಗೆದು ಒಂದೊಂದನ್ನೇ ಹೊರಗಿಟ್ಟರು. ಸೀರೆಗಳು, ಲೀಲನ ಲಂಗ, ಒಂದು ಕನ್ನಡಿ, ಕೆಲವು ಖಾಲಿ ನಶ್ಯದ ಡಬ್ಬಿಗಳು, ಒಂದು ಕಂಚಿನ ಗಿಂಡಿ. ಡಬ್ಬಿಗಳನ್ನು ಕಂಡು ಬಂಧುಗಳ ಪೈಕಿ ಯಾರೋ ನಕ್ಕರು. ‘ಜನ ನಾಳೆ ಮಾತಾಡುದು ಬೇಡ ಅಂತ’ ಎಂದರು ಮಾಮಿ. ಯಾರಾದರೊಬ್ಬರು, ‘ಛೆ, ಇದೆಲ್ಲ ಎಂತಕ್ಕೆ, ಒಳಗೆ ಹಾಕು’ ಎಂದಿದ್ದರೆ ಸಾಕಿತ್ತು. ಅಷ್ಟು ಜನರಲ್ಲಿ ಯಾರ ಬಾಯಲ್ಲೂ ಆ ಮಾತು ಬರಲಿಲ್ಲ. ಎಲ್ಲರೂ ಬಗ್ಗಿ ನೋಡಿದರು.

ಅಮ್ಮ ಗಿಂಡಿಯನ್ನು ಎತ್ತಿಕೊಂಡರು. “ಇದು ಮನೆಯದ್ದಲ್ವಾ?”

ಮಾಮಿ ಗಿಂಡಿಯನ್ನು ನೋಡಿದರು, ಅಮ್ಮನನ್ನು ನೋಡಿದರು. “ನನ್ನ ಅಮ್ಮ ಕೊಟ್ಟದ್ದು ಅಂತ ಎಣಿಸಿದ್ದೆ. ಇರ್ಲಿ ಅಕ್ಕ” ಎಂದರು. ಉಳಿದದ್ದನ್ನು ಮಡಚಿ ಒಳಗಿಟ್ಟರು. ಬೀಗದಕೈ ಗೊಂಚಲನ್ನು ಈ ಸಲ ಅಮ್ಮನ ಮುಂದೆ ಇಡಲಿಲ್ಲ, ಗೋಡೆಯ ಮೊಳೆಗೆ ತೂಗು ಹಾಕಿದರು. ನನ್ನ ತಲೆ ಮೇಲೆ ಕೈಯಿಟ್ಟು, ‘ಶಾಲೆ ಬಿಡಬೇಡ’ ಎಂದರು. ತಮ್ಮನ ಹಿಂದೆ ಅದೇ ಪುಣಿಯ ಮೇಲೆ ನಡೆದುಹೋದರು, ಯಾರೋ ಕರೆಯುತ್ತಿದ್ದಾರೆ ಎಂಬಂತೆಯೇ. ತಿರುಗಿ ನೋಡಲಿಲ್ಲ. ಲೀಲ ನೋಡಿದಳು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ಪಾತ್ರೆಗಳ ನಡುವೆ ಇನ್ನೊಂದು ಗಿಂಡಿ ಸಿಕ್ಕಿತು, ಕಿಲುಬು ಹಿಡಿದದ್ದು. ಮನೆಯದ್ದು ಅದು. ಮಾಮಿಯದನ್ನು ಕಳುಹಿಸಿಬಿಡೋಣ ಎಂದೆ. ಈಗ ಕಳುಹಿಸಿದರೆ ನಾವು ತೆಗೆದುಕೊಂಡದ್ದು ಹೌದು ಎಂದು ಆಗುತ್ತದೆ ಎಂದರು ಅಮ್ಮ. ಎರಡನ್ನೂ ಹುಣಸೆಹುಳಿ ಹಾಕಿ ತಿಕ್ಕಿಸಿದರು. ಆಮೇಲೆ ಯಾವುದು ಯಾರದು ಎಂದು ಯಾರಿಗೂ ತಿಳಿಯಲಿಲ್ಲ. ಜಗಲಿಯಲ್ಲಿ ಬಂದವರ ಕಾಲಿಗೆ ನೀರು ಕೊಡುವುದು ಅದರಲ್ಲೇ. ಎರಡರಲ್ಲಿ ಯಾವುದನ್ನು ಎತ್ತಿದರೂ ನನ್ನ ಕೈ ನನಗೆ ಕಳ್ಳರ ಕೈಯಂತೆ ಕಾಣುತ್ತಿತ್ತು. ನಾನು ಏನನ್ನೂ ಮಾಡಿರಲಿಲ್ಲ. ನಾಚಿಕೆಯಾಗಲು ಏನಾದರೂ ಮಾಡಿರಲೇಬೇಕೆಂದಿಲ್ಲ. ಆ ಮನೆಯಲ್ಲಿ ಉಂಡರೆ ಸಾಕು.

ಅಣ್ಣನ ಮದುವೆಗೆ ಕಡಬಕ್ಕೂ ಹೇಳಿಕೆ ಹೋಯಿತು. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ, ಅದಕ್ಕೆ. ಅವರು ಬರುವುದಿಲ್ಲ ಎಂದೇ ಎಲ್ಲರ ಎಣಿಕೆ. ಮಾಮಿ ಬಂದರು. ಹೇಳಿಕೆ ಬಂದ ಮೇಲೆ ಬರಬೇಕಲ್ಲ ಎಂದರು. ಲೀಲ ಬಂದಿರಲಿಲ್ಲ. ಮಾಮಿ ನೇರವಾಗಿ ಹಿಂದಿನ ಚಪ್ಪರಕ್ಕೆ ಹೋಗಿ ಕಾಯಿ ಹೆರೆಯುವವರ ಸಾಲಿನಲ್ಲಿ ಕುಳಿತರು. ಸೋದರಮಾವನ ಸ್ಥಾನದಲ್ಲಿ ನಿಂತು ವರನಿಗೆ ಅಕ್ಷತೆ ಹಾಕುವ ಹೊತ್ತು ಬಂದಾಗ ಯಾರೋ ಹೋಗಿ ಕರೆದರು. ಕೈ ತೊಳೆದು ಬಂದು, ಅಣ್ಣನ ತಲೆಗೆ ಅಕ್ಷತೆ ಹಾಕಿ, ಮದುಮಗಳ ಗಲ್ಲ ಮುಟ್ಟಿ ಹೋದರು. ಅಣ್ಣನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಲೀಲನನ್ನು ಗುಂಡ್ಯದಲ್ಲಿ ಹೋಟೆಲು ಇಟ್ಟುಕೊಂಡಿದ್ದ ಒಬ್ಬನಿಗೆ ಕೊಟ್ಟರು. ಮೊದಲ ಹೆಂಡತಿ ತೀರಿಕೊಂಡಿದ್ದವ, ಪ್ರಾಯ ಸಂದವ. ಘಟ್ಟ ಹತ್ತುವ ಲಾರಿಯವರಿಗೆ ಊಟ ಹಾಕುವ ಹೋಟೆಲು. ಒಮ್ಮೆ ಬಸ್ಸು ಅಲ್ಲಿ ನಿಂತಾಗ ನಾನು ಕಿಟಕಿಯಿಂದ ಅವಳನ್ನು ಕಂಡೆ. ಒಲೆಯ ಮುಂದೆ ಇದ್ದಳು. ಸೊಂಟದಲ್ಲಿ ಮಗು. ನಮ್ಮ ಮನೆಯ ಯಜಮಾನಿಯಾಗಬೇಕಾಗಿದ್ದವಳು ಎಂದು ಒಂದು ಕ್ಷಣ ಅನ್ನಿಸಿತು, ಒಡನೆ ‘ನಮ್ಮ ಮನೆ’ ಎಂಬ ಮಾತೇ ಬಾಯಲ್ಲಿ ಕಹಿಯಾಯಿತು.

ಮಾಮಿ ತಾಯಿಮನೆಯಲ್ಲಿ ಸುಖವಾಗಿದ್ದರು ಎಂದು ಹೇಳಲಾರೆ. ಕಾನೂನಿನಂತೆ ಅದು ಅವರದೇ ಮನೆ. ಆದರೆ ಯಜಮಾನಿಕೆ ತಮ್ಮನದು, ತಮ್ಮನ ಹೆಂಡತಿಯ ಕೈಯಲ್ಲಿ ಅಡಿಗೆಮನೆ. ಆಕೆ ಇವರಿಗೆ ಹಿಂದಿನ ಚಾವಡಿಯಲ್ಲಿ ಜಾಗ ಕೊಟ್ಟಿದ್ದಳು. ‘ಹೋದಲ್ಲಿ ನಿಲ್ಲಲಿಕ್ಕೆ ಆಗದವರು’ ಎಂದು ಇವರಿಗೆ ಕೇಳುವಂತೆ ಹೇಳುತ್ತಿದ್ದಳಂತೆ.

ನನಗೆ ಮದುವೆಯಾಗಿ ನಾನು ಸುಳ್ಯದಲ್ಲಿದ್ದಾಗ, ಅರುವತ್ತರ ದಶಕ ಅರ್ಧ ಕಳೆದಿತ್ತು, ಮಾಮಿಯ ತಮ್ಮ ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂತು. ಸಣ್ಣ ಪ್ರಾಯ, ಸಣ್ಣ ಮಕ್ಕಳು. ಯಾರೂ ಹೇಳದಿದ್ದರೂ ಬೊಜ್ಜಕ್ಕೆ ನಾನೊಬ್ಬಳೇ ಬಸ್ಸು ಹಿಡಿದು, ಹೊಳೆ ದಾಟಿ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹೋಗದೆ ಇರಲಾಗಲಿಲ್ಲ.

ಅಲ್ಲಿಯೂ ಅದೇ ಚಾವಡಿ, ಅದೇ ಎಲೆಯಡಿಕೆ, ಅದೇ ಹಿರಿಯರು. ಈಗ ಹೋಗಬೇಕಾದವಳು ತಮ್ಮನ ಹೆಂಡತಿ. ಅಷ್ಟರಲ್ಲಿ ಹೊಸ ಕಾಯಿದೆ ಬಂದಿತ್ತು, ಗಂಡನ ಪಾಲಿನಲ್ಲಿ ಹೆಂಡತಿ ಮಕ್ಕಳಿಗೂ ಹಕ್ಕುಂಟು ಎಂದು ತಿಳಿದವರು ಹೇಳುತ್ತಿದ್ದರು. ಆದರೆ ಕಾಯಿದೆ ಬಂದ ಮಾತ್ರಕ್ಕೆ ಚಾವಡಿಯ ಬಾಯಿ ಬದಲಾಗುವುದಿಲ್ಲ. ಆಕೆಯ ಅಣ್ಣ ಕರೆದುಕೊಂಡು ಹೋಗಲು ಬಂದು ಕುಳಿತಿದ್ದ. ಆಕೆ ಬಾಗಿಲಿನಲ್ಲಿ ಮಕ್ಕಳನ್ನು ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ತಾನು ಆಡಿದ ಮಾತುಗಳೆಲ್ಲ ಅವಳಿಗೆ ನೆನಪಿದ್ದಿರಬೇಕು. ಲೀಲ ಗಂಡನೊಡನೆ, ಮಕ್ಕಳೊಡನೆ ಬಂದಿದ್ದಳು. ಇನ್ನು ಮನೆ ಅವಳದು. ಹೋಟೆಲಿನ ಹೊಗೆಯಿಂದ ಬಿಡುಗಡೆ ಎಂಬ ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. ಆಸೆಪಟ್ಟದ್ದು ತಪ್ಪೆಂದು ಹೇಳಲು ನಾನು ಯಾರು?

ಹಿರಿಯರೊಬ್ಬರು ನಾಳೆ ಹೊರಡಲು ಹೊತ್ತು ಯಾವುದು ಒಳ್ಳೆಯದು ಎಂಬ ಮಾತೆತ್ತಿದರು. ಮಾಮಿ ಒಳಗಿನಿಂದ ಬಂದು ಚಾವಡಿಯ ಕಂಬದ ಹತ್ತಿರ ನಿಂತರು. ಹೆಂಗಸರು ಅಲ್ಲಿ ನಿಂತು ಮಾತಾಡುವ ರೂಢಿಯಿರಲಿಲ್ಲ.

“ಅವಳು ಹೋಗುದಿಲ್ಲ” ಎಂದರು.

ಹಿರಿಯರಿಗೆ ಅರ್ಥವಾಗಲಿಲ್ಲ. ಪದ್ಧತಿ ಉಂಟಲ್ಲ ಎಂದರು ಒಬ್ಬರು. ಮಾಮಿ ಯಾರ ಮುಖವನ್ನೂ ನೋಡದೆ ಹೇಳಿದರು: “ಹೆಣ್ಣನ್ನು ಇಳಿಸಿದ ಮನೆ ಒಂದನ್ನು ನಾನು ನೋಡಿದ್ದೇನೆ. ಇನ್ನೊಂದು ನೋಡುದು ಬೇಡ ನನಗೆ.”

ನಾನು ಹೆಂಗಸರ ನಡುವೆ ಗೋಡೆಗೆ ಒರಗಿ ಕುಳಿತಿದ್ದೆ. ನಾನು ಯಾವ ಮನೆಯವಳು ಎಂದು ಅಲ್ಲಿ ಕೆಲವರಿಗೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿದರು. ನೆಲ ಬಾಯಿಬಿಟ್ಟಿದ್ದರೆ ಹೋಗಿಬಿಡುತ್ತಿದ್ದೆ.

ಲೀಲ ಅಳುತ್ತ, ‘ಹಾಗಾದರೆ ನನ್ನ ಮಕ್ಕಳು?’ ಎಂದಳು. “ನಿನ್ನ ಮಕ್ಕಳಿಗೂ ಇಲ್ಲಿ ಅನ್ನ ಉಂಟು, ಜಾಗ ಉಂಟು” ಎಂದರು ಮಾಮಿ. “ಒಬ್ಬರನ್ನು ಇಳಿಸಿ ನಾವು ಹತ್ತುದು ಬೇಡ ಮಗಾ.” ಲೀಲನ ಗಂಡ ಎದ್ದು ಅಂಗಳಕ್ಕೆ ಇಳಿದ. ಆಮೇಲೆ ಬಹಳ ಕಾಲ ಅವನು ಆ ಮನೆಗೆ ಬರಲಿಲ್ಲ, ಲೀಲನನ್ನೂ ಬರಗೊಡಲಿಲ್ಲ. ಮಾಮಿಗೆ ಅದು ಆಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೇ ಹೇಳಿದರು.

ಆಗಲೇ ಅವರು ನನ್ನನ್ನು ಕರೆದದ್ದು. ನಾನು ಹೋಗಿ ನಿಂತೆ. ‘ಇವಳು ಯಾರು?’ ಎಂದು ಹಿರಿಯರು ಕೇಳಿದರು. ‘ನಾನು ಸಾಕಿದ ಹುಡುಗಿ’ ಎಂದರು ಮಾಮಿ. ಮನೆಯ ಹೆಸರು ಹೇಳಲಿಲ್ಲ. ಮತ್ತೆ ನನಗೆ, “ಹೋಗು, ರಾತ್ರಿಗೆ ಎಷ್ಟು ಸೇರು ಅಕ್ಕಿ ಹಾಕುದು ಅಂತ ಅವಳ ಹತ್ತಿರ ಕೇಳಿಕೊಂಡು ಬಾ” ಎಂದು ತಮ್ಮನ ಹೆಂಡತಿಯ ಕಡೆ ತೋರಿಸಿದರು. ಎಲ್ಲರಿಗೂ ಕೇಳುವಂತೆ ಹೇಳಿದ್ದರು. ನಾನು ಹೋಗಿ ಕೇಳಿದೆ. ಆಕೆ ಮಕ್ಕಳ ಕೈ ಬಿಟ್ಟು ಅಡಿಗೆಮನೆಗೆ ಹೋಗಿ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮುಡಿಗೆ ತಲೆಯಿಟ್ಟು ಅತ್ತಳು. ಅಕ್ಕಿಯನ್ನು ಅವಳೇ ಅಳೆದು ಹಾಕಿದಳು.

ಇದನ್ನು ಅಮ್ಮನಿಗೆ ಹೇಳಬೇಕೆಂದು ನಾನು ಪುತ್ತೂರಿಗೆ ಹೋದೆ. ಅಮ್ಮನಿಗೆ ಸೊಸೆಯೊಡನೆ ಸರಿಯಿರಲಿಲ್ಲ. ಬೀಗದಕೈ ಈಗ ಅವಳ ಕೈಯಲ್ಲಿತ್ತು. ಕೇಳಿ ಅಮ್ಮನ ಮನಸ್ಸು ಕರಗೀತು ಎಂದುಕೊಂಡಿದ್ದೆ. ಅಮ್ಮನ ಮುಖ ಕಪ್ಪಾಯಿತು. ನಮ್ಮ ಮಾನ ತೆಗೆಯಲಿಕ್ಕೇ ಮಾಡಿದ್ದು ಅವಳು ಎಂದರು. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಆ ದಿನ ಅವರು ಊಟ ಮಾಡಲಿಲ್ಲ. ಅದು ಕೋಪವೋ ಬೇರೆಯೋ ನಾನು ಕೇಳಲಿಲ್ಲ.

ಮಾಮಿ ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳಿಗೆ. ನಮಗೆ ಹೇಳಿಕೆ ಬರಲಿಲ್ಲ. ಸುಳ್ಯದ ಪೇಟೆಯಲ್ಲಿ ಕಡಬದ ಕಡೆಯವರೊಬ್ಬರು ಮಾತಿನ ನಡುವೆ ಹೇಳಿದಾಗ ಬೊಜ್ಜವೂ ಮುಗಿದಿತ್ತು. ಹೇಳಿಕೆ ಕಳುಹಿಸದೆ ಇದ್ದದ್ದು ಸರಿಯೇ, ನಮ್ಮಂಥವರಿಗೆ ಯಾಕೆ ಕಳುಹಿಸಬೇಕು ಎಂದುಕೊಂಡೆ. ಆದರೂ ಹೋದೆ.

ತಮ್ಮನ ಹೆಂಡತಿ ಜಗಲಿಗೆ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕಡೆಯ ತಿಂಗಳುಗಳಲ್ಲಿ ಮಾಮಿಯನ್ನು ಮಗುವಿನಂತೆ ನೋಡಿಕೊಂಡದ್ದು ಅವಳೇ. ಲೀಲನೂ ಬಂದಿದ್ದಳಂತೆ, ಗಂಡನೂ ಬಂದಿದ್ದನಂತೆ. ನಾನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ನನಗೆ ಕೇಳಲು ಬಾಯಿ ಬರದ ಪ್ರಶ್ನೆಗೆ ಅವಳೇ ಉತ್ತರ ಹೇಳಿದಳು.

“ನಿಮಗೆ ಹೇಳಿ ಕಳಿಸುವ ಅಂತ ನಾನು ಅತ್ತಿಗೆ ಹತ್ತಿರ ಕೇಳಿದ್ದೆ, ಅವರ ಮಾತು ನಿಲ್ಲುವ ಮೊದಲು. ಅವರೇ ಬೇಡ ಅಂದದ್ದು. ಹೇಳಿದರೆ ಆ ಹುಡುಗಿ ಬಂದೇ ಬರ್ತಾಳೆ, ಬಂದರೆ ಎಲ್ಲರ ಎದುರು ನಾಚಿಕೆಪಟ್ಟುಕೊಂಡು ಮೂಲೆಯಲ್ಲಿ ಕೂತುಕೊಳ್ತಾಳೆ, ಪಾಪ, ಅವಳು ಎಂತ ಮಾಡಿದ್ದಾಳೆ ಅಂದರು.”

ಅವಳು ಎಲೆ ಹಾಕಿದಳು. ಅನ್ನ ಬಡಿಸಿದಳು. ಉಣ್ಣಿ ಎಂದಳು. ನಾನು ಆ ಅನ್ನವನ್ನು ಕಲಸುತ್ತ ಬಹಳ ಹೊತ್ತು ಕುಳಿತಿದ್ದೆ.